ಬಲಗಾಲಿನ ಬ್ರೇಕು

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಒಂದು ಕಾಲ್ಪೇಟಿ. ನಾನು ಹಾರ್ಮೋನಿಯಂ ದುರಸ್ತಿ ಮಾಡುವವನು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ, ಹಾಗಾಗಿ ಖಾನಾಪುರದಲ್ಲಿ ನಾನು ಪೇಟಿ ಈರಣ್ಣ. ಎಪ್ಪತ್ತರ ದಶಕದ ನಡುವೆ ಒಂದು ನಾಟಕ ಕಂಪನಿ ನಮ್ಮೂರಲ್ಲಿ ತಂಬು ಹೊಡೆದಿತ್ತು. ಅವರದು ಕುರ್ಚಿಯ ಮೇಲೆ ಕೂತು ಎರಡೂ ಕಾಲಿನಿಂದ ತುಳಿದು ಗಾಳಿ ತುಂಬುವ ದೊಡ್ಡ ಪೇಟಿ. ಸ್ವರ ನಡುನಡುವೆ ಕುಸಿಯುತ್ತದೆ ಎಂದು ನನ್ನನ್ನು ಕರೆಸಿದರು. ಗಾಳಿ ತುಂಬುವ ತಿದಿಯ ತೊಗಲಿನಲ್ಲಿ ಸಣ್ಣ ಬಿರುಕಿತ್ತು, ಅಂಟಿಸಿದೆ. ತುಳಿದು ನೋಡಿದರೆ ಮತ್ತೆ ಕುಸಿತ. ಎಲ್ಲ ಬಿಚ್ಚಿ ಇಡೀ ತೊಗಲನ್ನೇ ಬದಲಿಸಿದೆ. ಮತ್ತೆ ಅದೇ. ಕೊನೆಗೆ ಕಂಪನಿಯ ಪೇಟಿ ಮಾಸ್ತರರು ನನ್ನನ್ನು ಎಬ್ಬಿಸಿ ತಾವೇ ಕೂತು ತುಳಿದರು. ಸ್ವರ ದಾರ ಎಳೆದಂತೆ ನೆಟ್ಟಗೆ ನಿಂತಿತು.

"ಪೇಟಿ ಛಲೋ ಆಗೇತಲ್ರೀ," ಎಂದರು. "ನೀವ್ಯಾಕ ಇನ್ನೂ ತೂತು ಹುಡುಕಾಕತ್ತೀರಿ?"

ಕಾಲು ಜೋಮು ಹಿಡಿದಿದೆ ಎಂದು ನಕ್ಕು ಸಾಮಾನು ಕಟ್ಟಿಕೊಂಡು ಬಂದೆ. ಆಮೇಲೆ ಬಸ್ಸಿನ ಮೆಟ್ಟಿಲು ಎತ್ತರವಾಗತೊಡಗಿತು. ನೆಲದ ಮೇಲೆ ಕೂತವನು ಏಳಬೇಕಾದರೆ ತೊಡೆಯ ಮೇಲೆ ಕೈಯೂರಿ, ನನ್ನ ಮೈಯನ್ನು ನಾನೇ ಹತ್ತಿ ಮೇಲೇರಬೇಕಾಯಿತು. ಆಗಲೂ ನಾನು ಬೈದದ್ದು ಬಸ್ಸನ್ನು, ನೆಲವನ್ನು, ಹೊಸ ಚಪ್ಪಲಿಯನ್ನು.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಇಂಥ ಕಾಯಿಲೆಯವರ ಮನೆಯವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಾಲ್ಕು ಮಾತು ಧೈರ್ಯ ಹೇಳಿ ಎನ್ನುತ್ತಾರೆ. ಧೈರ್ಯ ನನ್ನ ಹತ್ತಿರ ದಾಸ್ತಾನಿಲ್ಲ. ಇದ್ದದ್ದನ್ನು ನಾನೇ ಖರ್ಚು ಮಾಡಿಕೊಂಡಿದ್ದೇನೆ. ಆದದ್ದನ್ನು ಆದಂತೆ ಹೇಳಬಲ್ಲೆ, ಅಷ್ಟೇ. ನಾನು ಹೇಳುತ್ತೇನೆ, ಅಣ್ಣನ ಮಗಳು ಶೈಲಾ ಬರೆದುಕೊಳ್ಳುತ್ತಾಳೆ. ಅಣ್ಣ ಈಗಿಲ್ಲ. ಇದ್ದಿದ್ದರೆ ಇದನ್ನು ಬರೆಯಲು ಅವಳಿಗೆ ಬಿಡುತ್ತಿರಲಿಲ್ಲ.

ಅಣ್ಣ ಮಲ್ಲಪ್ಪ ನನಗಿಂತ ಬಹಳ ದೊಡ್ಡವನು. ಅಪ್ಪ ಬೇಗ ಹೋದದ್ದರಿಂದ ನನಗೆ ಅಪ್ಪನೂ ಅವನೇ. ಮನೆಯ ಮುಂದಿನ ಭಾಗದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಎರಡು ವಿಷಯದಲ್ಲಿ ಅವನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಒಂದು, ಸೋಮವಾರ ಗಿರಣಿಗೆ ಸೂಟಿ. ಬಸವಣ್ಣನ ವಾರ, ಎತ್ತಿಗೂ ನೊಗವಿಲ್ಲ, ಕಲ್ಲಿಗೂ ಕೆಲಸವಿಲ್ಲ ಎನ್ನುತ್ತಿದ್ದ. ಇನ್ನೊಂದು, ಕಾಳಿಲ್ಲದೆ ಗಿರಣಿಯನ್ನು ಒಂದು ಸುತ್ತೂ ತಿರುಗಿಸಕೂಡದು. ಕಾಳು ಮುಗಿದ ಸದ್ದು ಬಂದರೆ ಊಟದ ತಾಟು ಬಿಟ್ಟು ಓಡಿಹೋಗಿ ಗಿರಣಿಯ ಬೆಲ್ಟಿನ ಪಟ್ಟಿ ಬಿಚ್ಚುತ್ತಿದ್ದ. "ಖಾಲಿ ತಿರಗಿದ್ರ ಕಲ್ಲ ಕಲ್ಲನ್ನ ತಿಂತದ," ಎಂದು ಬೀಸಲು ಬಂದ ಹೆಂಗಸರಿಗೂ ಪಾಠ ಹೇಳುತ್ತಿದ್ದ. ಇವೆರಡರ ಹೊರತು ಅವನಿಗೆ ಇದ್ದ ಒಂದೇ ಶೋಕಿ ಮೋಟಾರ್ ಸೈಕಲ್ಲು. ಹಳೆಯದು, ಆದರೆ ಮದುವೆಯ ಕುದುರೆಯಂತೆ ಇಟ್ಟಿದ್ದ. ಅದರ ಮೇಲೆ ಹಿಟ್ಟು ಬಿದ್ದರೆ ನಮಗೆಲ್ಲ ಬೈಗುಳ ಬೀಳುತ್ತಿತ್ತು.

ಆ ಗಾಡಿಯ ಮೇಲೇ ಅವನು ನನ್ನನ್ನು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಒಯ್ದ. ಹಿಂದೆ ಕೂತವನನ್ನು ಇಳಿಸಿಕೊಳ್ಳುವಾಗ ಯಾರೂ ನೋಡದಂತೆ ಗೋಡೆಯ ಮಗ್ಗುಲಿಗೆ ನಿಲ್ಲಿಸುತ್ತಿದ್ದ. ಹಲವು ಸಲ ಹೋದೆವು. ತೊಡೆಯಿಂದ ಹುಣಸೆಬೀಜದಷ್ಟು ಮಾಂಸ ತೆಗೆದು ಬೇರೆ ಊರಿಗೆ ಪರೀಕ್ಷೆಗೆ ಕಳಿಸಿದರು. ಉತ್ತರ ಬರುವತನಕ ಕಾದದ್ದೇ ಕಾದದ್ದು. ಆಸ್ಪತ್ರೆಯ ಬಾಕಿನ ಮೇಲೆ ಕೂತವರೆಲ್ಲ ಒಬ್ಬರ ಕಾಯಿಲೆ ಒಬ್ಬರು ಅಳೆದು ನೋಡುತ್ತಿರುತ್ತಾರೆ, ತನ್ನದಕ್ಕಿಂತ ದೊಡ್ಡದು ಸಿಕ್ಕರೆ ಸ್ವಲ್ಪ ಸಮಾಧಾನ. ಒಂದು ದಿನ ಹಿಂಡಲಗಾದಿಂದ ಬಂದಿದ್ದ ಮುದುಕಿಯೊಬ್ಬಳು ನನ್ನ ಬಾಜೂ ಕೂತು ಮೋಸಂಬಿ ಸುಲಿಯುತ್ತಿದ್ದಳು.

"ಯಾರನ್ನ ತೋರ್ಸಾಕ ಬಂದೀಯಪಾ?" ಎಂದಳು.

"ನಾನ ಪೇಶಂಟ್ರೀ ಅಮ್ಮಾ."

ಆಕೆ ಅಯ್ಯೋ ಎನ್ನಲಿಲ್ಲ, ಎಳೆ ವಯಸ್ಸು ಎನ್ನಲಿಲ್ಲ, ದೇವರ ಹೆಸರು ಹೇಳಲಿಲ್ಲ. ಹಣ್ಣನ್ನು ಎರಡು ಮಾಡಿ ದೊಡ್ಡ ಹೋಳು ನನ್ನ ಕೈಗಿಟ್ಟಳು. ಆಮೇಲೆ ನನ್ನನ್ನು ನೋಡಲು ಬಂದ ನೂರಾರು ಜನ ಹೇಳಿದ ಮಾತಿನಲ್ಲಿ ಒಂದೂ ನೆನಪಿಲ್ಲ, ಆ ಹೋಳು ಮಾತ್ರ ನೆನಪಿದೆ.

ಉತ್ತರ ಬಂದ ದಿನ ಡಾಕ್ಟರು ನನ್ನನ್ನು ಹೊರಗೆ ಕೂಡಿಸಿ ಅಣ್ಣನನ್ನು ಒಳಗೆ ಕರೆದರು. ಆಗ ಹಾಗೇ. ಕಾಯಿಲೆ ಯಾರ ಮೈಯಲ್ಲಿದ್ದರೂ ಸುದ್ದಿ ಮನೆಯ ಹಿರಿಯನಿಗೆ. ಅಣ್ಣ ಬಹಳ ಹೊತ್ತಾದ ಮೇಲೆ ಹೊರಗೆ ಬಂದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಏನಂದ್ರು?"

"ನರದ ಬ್ಯಾನಿ ಅಂತ. ಗುಳಿಗಿ ಕೊಟ್ಟಾರ. ಎಣ್ಣಿ ತಿಕ್ಕೂದು." ನನ್ನನ್ನು ಎಬ್ಬಿಸುತ್ತ, "ನಡಿ, ಕುಂದಾ ತಿನ್ನೂಣು," ಎಂದ.

ಹಬ್ಬವಿಲ್ಲದೆ ಅಣ್ಣ ಸಿಹಿ ಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪೇಟೆಯ ಅಂಗಡಿಯಲ್ಲಿ ನನ್ನೆದುರು ಕೂತು, ತಾನು ಮುಟ್ಟದೆ, ನಾನು ತಿನ್ನುವುದನ್ನೇ ನೋಡಿದ. ಆ ಕುಂದಾ ತಿನ್ನುವಾಗಲೇ ನನಗೆ ಅರ್ಧ ಸುದ್ದಿ ತಿಳಿದುಹೋಯಿತು. ಕಾಲು ಹೋಗುತ್ತವೆ ಎಂಬ ಅರ್ಧ. ಇನ್ನರ್ಧವನ್ನು ಅಣ್ಣ ನುಂಗಿಕೊಂಡಿದ್ದ.

ಕಾಲು ಹೋದವು. ಒಮ್ಮೆಲೇ ಅಲ್ಲ, ಸಾಲ ಕೊಟ್ಟವನು ದಿನಾ ಬಂದು ಒಂದೊಂದು ಪಾತ್ರೆ ಒಯ್ದಂತೆ. ಮೊದಲು ಕೋಲು, ಆಮೇಲೆ ಎರಡು ಕೋಲು, ಆಮೇಲೆ ಜನರ ಬೆನ್ನು. ನನ್ನನ್ನು ಎತ್ತುವವರು ಊರತುಂಬ ಆದರು. ಎತ್ತಿದವರೆಲ್ಲ ನನ್ನ ತೂಕದ ಬಗ್ಗೆ ಒಂದು ಮಾತಾಡಿಯೇ ಇಳಿಸುತ್ತಿದ್ದರು. ಬೀಡಿ ಎಂಬ ಊರಿನ ಮಠದಲ್ಲಿ, ನಂದಗಡದ ಭಜನಾ ಮಂಡಳಿಯಲ್ಲಿ, ಸುತ್ತಲಿನ ಸಾಲೆಗಳಲ್ಲಿ ನಾನು ನೋಡಿಕೊಳ್ಳುತ್ತಿದ್ದ ಪೇಟಿಗಳೆಲ್ಲ ಬೇಸೂರಾಗುತ್ತ ಬಂದವು. ಮನೆಗೆ ತಂದುಕೊಟ್ಟರೆ ಮಾಡಿಕೊಡುತ್ತಿದ್ದೆ, ಆದರೆ ತರುವವರು ಕಡಿಮೆ. ನನಗೆ ಬೇಕಾಗಿದ್ದದ್ದು ಒಂದೇ. ನಾನೇ ಹೋಗಬೇಕು, ನಾನೇ ಬರಬೇಕು, ನಡುವೆ ಯಾರೂ ನನ್ನ ಕಂಕುಳಲ್ಲಿ ಕೈಹಾಕಕೂಡದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಬಾಗಿಲಲ್ಲಿ ಕೂತು ರಸ್ತೆ ನೋಡುವವನ ಮುಖದ ಮೇಲೆ ಅದು ಬರೆದೇ ಇರುತ್ತದೆ, ಹೇಳುವ ಕಾರಣವಿಲ್ಲ.

ಒಂದು ಬೆಳಗ್ಗೆ ಅಣ್ಣ ಮೋಟಾರ್ ಸೈಕಲ್ ತೊಳೆದು, ಒರೆಸಿ, ಹೊರಟುಹೋದ. ಬಸ್ಸಿನಲ್ಲಿ ತಿರುಗಿ ಬಂದ. ಗಾಡಿ ಎಲ್ಲಿ ಎಂದು ವೈನಿ, ಎಂದರೆ ಅಣ್ಣನ ಹೆಂಡತಿ, ಕೇಳಿದರು.

"ಮಚ್ಛೆದಾಗ ಪುಂಡಲೀಕ ಮೇಸ್ತ್ರಿ ಕಡೆ ಬಿಟ್ಟೇನಿ. ಹಿಂದಿನ ಗಾಲಿ ತಗಸಿ ಎರಡ ಗಾಲಿ ಕುಂದ್ರಸೂದು. ಈರ್ಯಾಗ."

ವೈನಿ ಒಳಗೆ ಹೋದರು. ನಾನು ಗಾಡಿ ನಿಲ್ಲುತ್ತಿದ್ದ ಜಾಗವನ್ನೇ ನೋಡಿದೆ.

ಪುಂಡಲೀಕ ಮೇಸ್ತ್ರಿಯದು ಮಚ್ಛೆಯಲ್ಲಿ ತಗಡಿನ ಶೆಡ್ಡು. ಅರ್ಧ ಮರಾಠಿ, ಅರ್ಧ ಕನ್ನಡ, ಪೂರಾ ಬಡಾಯಿ. ಇಂಥ ಗಾಡಿ ಅವರು ಹಿಂದೆ ಮಾಡಿರಲಿಲ್ಲ, ಆದರೆ ಹತ್ತು ಮಾಡಿದವರಂತೆ ಮಾತಾಡುತ್ತಿದ್ದರು. ನನ್ನನ್ನು ಒಂದು ಪೆಟ್ಟಿಗೆಯ ಮೇಲೆ ಕೂಡಿಸಿ, ಕೈ ಎಲ್ಲೆಲ್ಲಿ ಮುಟ್ಟುತ್ತದೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡರು. ಎಡಗಾಲಿನಿಂದ ಹಾಕುವ ಗೇರಿಗೆ ಸರಳು ಕೂಡಿಸಿ ಪೆಟ್ರೋಲ್ ಟಾಕಿಯ ಪಕ್ಕಕ್ಕೆ, ಬಲಗೈ ಹತ್ತಿರ ತಂದರು. ಒದ್ದು ಚಾಲೂ ಮಾಡುವ ಕಿಕ್ಕಿಗೆ ಉದ್ದ ಹಿಡಿಕೆ ಹಚ್ಚಿ ಕೈಯಿಂದ ಎಳೆಯುವಂತೆ ಮಾಡಿದರು. ಬಲಗಾಲಿನ ಕೆಳಗಿದ್ದ ಬ್ರೇಕಿನ ಪೆಡಲ್ ಕತ್ತರಿಸಿ ತೆಗೆದು, ಹಿಂದಿನ ಎರಡೂ ಗಾಲಿಯ ಬ್ರೇಕನ್ನು ನನ್ನ ಎಡತೊಡೆಯ ಪಕ್ಕದ ಒಂದು ಹಿಡಿಕೆಗೆ ಕಟ್ಟಿದರು. ಕಾಲಿನ ಕೆಲಸವೆಲ್ಲ ಕೈಗೆ ಬಂತು. ಗ್ಯಾಸ್ ಹಚ್ಚಿ ಪೆಡಲ್ ಕತ್ತರಿಸುವಾಗ ಅಣ್ಣ ಶೆಡ್ಡಿನ ಹೊರಗೆ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ. ಗಾಡಿಯ ಮೇಲಿನ ಮೋಹ ಎಂದುಕೊಂಡೆ.

ಮೊದಲ ದಿನ ಮಚ್ಛೆಯಿಂದ ಖಾನಾಪುರದತನಕ ನಾನೇ ಹೊಡೆದುಕೊಂಡು ಬಂದೆ. ಅಣ್ಣ ಹಿಂದಿನ ಹಲಗೆಯ ಮೇಲೆ ಕೂತು ಉದ್ದಕ್ಕೂ "ಸಾವಕಾಶ, ಸಾವಕಾಶ" ಎನ್ನುತ್ತಿದ್ದ. ಗಾಳಿ ಮುಖಕ್ಕೆ ಬಡಿದಾಗ ನಾನು ಅತ್ತೆ. ಗಾಳಿಗೆ ಕಣ್ಣೀರು ಬರುವುದು ಸಹಜ, ಅದರಿಂದ ಯಾರಿಗೂ ಸಂಶಯ ಬರಲಿಲ್ಲ. ನಮ್ಮ ಓಣಿ ಗಿರಣಿಯ ಹಿತ್ತಲ ಗೋಡೆಗೆ ಮುಗಿಯುತ್ತದೆ. ಠೀವಿಯಿಂದ ಒಳಗೆ ನುಗ್ಗಿಸಿದೆ, ಓಣಿಯ ಜನ ಚಪ್ಪಾಳೆ ಹೊಡೆದರು, ವೈನಿ ಆರತಿ ತಂದರು. ಗಾಲಿ ಮೂರು, ನಿಂಬೆಹಣ್ಣು ಎಷ್ಟಿಡಬೇಕು ಎಂದು ಹೆಂಗಸರಲ್ಲಿ ಚರ್ಚೆಯಾಗಿ ಕೊನೆಗೆ ಮೂರಕ್ಕೇ ತೀರ್ಮಾನವಾಯಿತು. ಮೂರನ್ನೂ ಅಪ್ಪಚ್ಚಿ ಮಾಡಿ ಇಷ್ಟು ಮುಂದೆ ಹೋದೆ. ಮುಂದೆ ಗೋಡೆ.

ಹಿಂದಕ್ಕೆ ಹೋಗುವುದು ಹೇಗೆ? ಮೋಟಾರ್ ಸೈಕಲ್ಲಿಗೆ ಹಿಂದಿನ ಗೇರು ಇರುವುದಿಲ್ಲ. ಕಾಲಿದ್ದವರು ನೆಲಕ್ಕೆ ಕಾಲೂರಿ ಹಿಂದೆ ತಳ್ಳಿಕೊಳ್ಳುತ್ತಾರೆ, ಇಲ್ಲವೆ ಇಳಿದು ಎಳೆಯುತ್ತಾರೆ. ಈ ಗಾಡಿಯನ್ನು ಮಾಡಿದವರಿಗೆ, ಮಾಡಿಸಿದವರಿಗೆ ಎಲ್ಲರಿಗೂ ಕಾಲಿದ್ದವು. ಯಾರ ತಲೆಗೂ ಅದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಎಂಬುದು ಅದಕ್ಕಿಂತ ತಮಾಷೆ. ಚಪ್ಪಾಳೆ ಹೊಡೆದ ಜನವೇ ಬಂದು, ಆರತಿಯ ಕುಂಕುಮ ಹಚ್ಚಿಕೊಂಡು ಕೂತ ನನ್ನನ್ನು ಗಾಡಿಸಮೇತ ಓಣಿಯ ತುದಿಯತನಕ ಹಿಂದಕ್ಕೆ ಎಳೆದು ತಂದರು. ಮೇಸ್ತ್ರಿಗೆ ಹೇಳಿದಾಗ ಹಣೆ ಬಡಿದುಕೊಂಡರು.

"ಆಯ್‌ಲಾ! ಅದರಾಗೇನೈತ್ರಿ, ಇಳದು ಎಳದ್ರ..." ಎಂದವರು ನನ್ನ ಕಾಲು ನೋಡಿ ನಾಲಿಗೆ ಕಚ್ಚಿಕೊಂಡರು. ರಿವರ್ಸ್ ಕೂಡಿಸುವುದು ಅವರಿಂದ ಆಗುವ ಮಾತಾಗಿರಲಿಲ್ಲ.

ಮರುದಿನ ಅಣ್ಣ ಹಾರೆ ತಗೊಂಡು ಹಿತ್ತಲ ಗೋಡೆ ಒಡೆದ. ಓಣಿಯಿಂದ ಒಳಗೆ ಬಂದರೆ ಗಿರಣಿಯ ಅಂಗಳ ದಾಟಿ ಆಚೆ ರಸ್ತೆಗೆ ಮುಂದಕ್ಕೇ ಹೊರಬೀಳುವಂತೆ. ನಾಯಿ, ದನ, ದಾರಿಹೋಕರು ಎಲ್ಲ ಅಲ್ಲೇ ಹಾಯತೊಡಗಿದರು. "ಮನಿ ಹೋಗಿ ಸಂತಿ ಆತು," ಎಂದು ವೈನಿ ಗೊಣಗಿದರು, ಆದರೆ ದಿನಾ ನಾನು ಹೊರಡುವ ಹೊತ್ತಿಗೆ ದಾರಿಯಲ್ಲಿನ ಪಾತ್ರೆ ತಾವೇ ಸರಿಸಿಡುತ್ತಿದ್ದರು.

ನಾಲ್ಕಾರು ವರ್ಷ ನಾನು ಮನುಷ್ಯನಂತೆ ತಿರುಗಾಡಿದೆ. ಹೋಗುವ ಊರಿನ ದಾರಿ ಮೊದಲು ಕೇಳಿಕೊಳ್ಳುತ್ತಿದ್ದೆ, ತಿರುಗಿಸಲು ಬಯಲಿದೆಯೋ ಇಲ್ಲವೋ ಎಂದು. ಬೀಡಿಯ ಮಠದ ಅಂಗಳ ವಿಶಾಲ, ಅಲ್ಲಿ ಸುತ್ತು ಹಾಕಿ ಗಾಡಿಯ ಮೇಲೇ ಕೂತಿರುತ್ತಿದ್ದೆ. ಪೇಟಿಯನ್ನು ಹೊರಗೆ ತಂದು ನನ್ನ ಮುಂದೆ ಇಡುತ್ತಿದ್ದರು. ಸ್ವರದ ಹಿತ್ತಾಳೆ ಪಟ್ಟಿ ಅರದಿಂದ ಕೆರೆದು ಸುತಿ ಕೂಡಿಸಿ, ನಾಲ್ಕು ಹಾಡು ಕೇಳಿ, ಯಾರಿಂದಲೂ ಎತ್ತಿಸಿಕೊಳ್ಳದೆ ಮನೆಗೆ ಬರುತ್ತಿದ್ದೆ. ಸುಖದ ದಿನಗಳ ಬಗ್ಗೆ ಹೇಳಲು ಇಷ್ಟೇ ಇರುತ್ತದೆ.

ಆಮೇಲೆ ಕ್ಲಚ್ಚು ಬಿಗಿಯಾಯಿತು.

ಮಚ್ಛೆಗೆ ಹೋಗಿ ಮೇಸ್ತ್ರಿಗೆ ಹೇಳಿದೆ. ಸಡಿಲ ಮಾಡಿಕೊಟ್ಟರು. ಕೆಲವು ತಿಂಗಳಿಗೆ ಮತ್ತೆ ಬಿಗಿ. ವಾಯರ್ ಬದಲಿಸಿದರು, ಎಣ್ಣೆ ಬಿಟ್ಟರು, ಹಿಡಿಕೆ ಉದ್ದ ಮಾಡಿದರು. ಮತ್ತೆ ಬಿಗಿ. ಕೊನೆಗೆ ಅವರೇ ಒಂದು ಬೆರಳಿನಿಂದ ಕ್ಲಚ್ ಒತ್ತಿ ತೋರಿಸಿದರು.

"ಹೂವಿನಂಗ ಐತ್ರೀ ಈರಣ್ಣಾರ. ಇನ್ನ ಸಡಲ ಮಾಡಿದ್ರ ಹಿಡಿಯೂದ ಇಲ್ಲ."

ನನಗೆ ಆ ನಾಟಕ ಕಂಪನಿಯ ತಂಬು ನೆನಪಾಯಿತು. ಮತ್ತೆ ನಾನು ತೂತು ಹುಡುಕಬಾರದ ಕಡೆ ಹುಡುಕುತ್ತಿದ್ದೆ. ಅಲ್ಲಿಂದ ಮನೆತನಕ ಹೇಗೆ ಬಂದೆನೋ ತಿಳಿಯದು. ಗಾಡಿಯ ಮೇಲೆ ಕೂತೇ ವೈನಿಗೆ ನನ್ನ ಕೈ ತೋರಿಸಿದೆ. ಹೆಬ್ಬೆರಳ ಬುಡದ ಮಾಂಸ ಒಣಗಿ ಒಳಗೆ ಹೋಗಿತ್ತು. ವೈನಿ ಸೆರಗು ಬಾಯಿಗೆ ಹಿಡಿದು ಅಲ್ಲೇ ಕುಸಿದು ಕೂತರು.

"ಅವರಿಗೆ ಅವತ್ತ ಹೇಳಿದ್ರಂತ ಈರಣ್ಣ. ಕಾಲಿಂದ ಕೈಗೆ ಬರತೈತಿ ಅಂತ. ಡಾಕ್ಟರು ಅವತ್ತ ಹೇಳಿದ್ರಂತ."

"ಮತ್ತ ಎಲ್ಲಾ ಕೈಗೆ ಯಾಕ ಹಚ್ಚಿಸಿದಾ?" ನಾನು ಕೂಗಿದೆ. "ಗೊತ್ತಿದ್ದೂ ಗೊತ್ತಿದ್ದೂ ಗಾಡಿ ಯಾಕ ಹಾಳ ಮಾಡಿದಾ?"

"ನಾನೂ ಅದನ್ನ ಕೇಳಿದ್ನಿ. ಕೈ ಇರೂತನಕಾರ ತಾನ ತಿರಗ್ಯಾಡ್ಲಿ ಅಂದ್ರು."

ಅಣ್ಣನ ಮೇಲೆ ಬಂದ ಸಿಟ್ಟು ಅವನಿಗೆ ತಲುಪಲಿಲ್ಲ, ನಾನು ತಲುಪಿಸಲಿಲ್ಲ. ತಿಳಿದಿದ್ದರೆ ನಾನು ಆ ನಾಲ್ಕಾರು ವರ್ಷ ನನ್ನ ಕೈಯನ್ನೇ ನೋಡುತ್ತ ಕಳೆಯುತ್ತಿದ್ದೆ. ಅವನು ನನ್ನ ಪಾಲಿನದನ್ನೂ ತಾನೇ ನೋಡಿದ್ದ. ಊಟಕ್ಕೆ ಕೂತಾಗ ನಾನು ರೊಟ್ಟಿ ಮುರಿಯುವುದನ್ನು ಅವನು ಯಾಕೆ ಅಷ್ಟು ಗಮನಿಸುತ್ತಿದ್ದ ಎಂದು ಆಗ ಅರ್ಥವಾಯಿತು.

ಕೊನೆಯ ಸಲ ನಾನು ಗಾಡಿ ಹೊಡೆದದ್ದು ಬೀಡಿಯಿಂದ. ದಾರಿಯಲ್ಲಿ ಕ್ಲಚ್ ಒತ್ತಲು ಆಗಲಿಲ್ಲ. ಗೇರು ಬದಲಿಸದೆ, ಎಲ್ಲೂ ನಿಲ್ಲಿಸದೆ, ಅದೇ ಸಣ್ಣ ವೇಗದಲ್ಲಿ ಊರು ಮುಟ್ಟಿದೆ. ಅಂಗಳಕ್ಕೆ ಬಂದು ಮೊಣಕೈಯಿಂದ ಬ್ರೇಕಿನ ಹಿಡಿಕೆ ಎಳೆದೆ. ಇಂಜಿನ್ನು ಉಸಿರು ಸಿಕ್ಕಿಕೊಂಡಂತೆ ಎರಡು ಸಲ ಜಗ್ಗಿ ಸತ್ತುಹೋಯಿತು. ಗಿರಣಿಯ ಬಾಗಿಲಲ್ಲಿ ಮೈತುಂಬ ಹಿಟ್ಟಿನ ಅಣ್ಣ ನಿಂತಿದ್ದ. ನನ್ನ ಕಂಕುಳಲ್ಲಿ ಕೈಹಾಕಿ ಎತ್ತಿಕೊಂಡ. ತೂಕದ ಬಗ್ಗೆ ಏನೂ ಅನ್ನಲಿಲ್ಲ.

ಗಾಡಿ ಗಿರಣಿಯ ಮೂಲೆ ಸೇರಿತು. ಖಂಡೇನವಮಿಗೆ ತಕ್ಕಡಿ, ಬೀಸುವ ಕಲ್ಲಿಗೆ ಹಲ್ಲು ಹೊಡೆಯುವ ಟಿಕಾವು, ನನ್ನ ಅರಗಳ ಜೊತೆ ಅದಕ್ಕೂ ಪೂಜೆ, ಮೂರು ನಿಂಬೆಹಣ್ಣು. ಚಕ್ರ ಮಾತ್ರ ಅವುಗಳ ಮೇಲೆ ಹಾಯುತ್ತಿರಲಿಲ್ಲ, ಅಲ್ಲೇ ಒಣಗುತ್ತಿದ್ದವು. ಅಣ್ಣ ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡಿ ಆರಿಸುತ್ತಿದ್ದ. ನಾನು ಕೇಳಿಸಿಕೊಂಡರೂ ಕೇಳಿಸದಂತೆ ಇರುತ್ತಿದ್ದೆ.

ಹೀಗಿರುವಾಗ ಬೀಡಿಯ ಮಠದಿಂದ ಹೇಳಿಕಳಿಸಿದರು. ಪೇಟಿ ಕೆಟ್ಟಿದೆ, ರಿಪೇರಿಗೆ ಬೇರೆಯವರು ಬಂದಿದ್ದಾರೆ, ಆದರೆ ಈರಣ್ಣ ಬಂದು ಕೇಳಿ ಸುತಿ ಸರಿ ಎನ್ನಬೇಕು ಎಂದು. ಕಿವಿ ಇನ್ನೂ ನನ್ನದೇ ಇತ್ತು. ಹೋಗಬೇಕೆಂಬ ಆಸೆ ಮುಖದ ಮೇಲೆ ಬಂದಿರಬೇಕು. ಅಣ್ಣ ಗಾಡಿ ಹೊರಗೆ ತೆಗೆದ. ನನ್ನನ್ನು ಹಿಂದಿನ ಹಲಗೆಯ ಮೇಲೆ ಕೂಡಿಸಿ, ತನ್ನ ಶಲ್ಯದಿಂದ ತನ್ನ ಬೆನ್ನಿಗೇ ಕಟ್ಟಿಕೊಂಡ. ಕಾಲಿದ್ದವನು ಕೈಯಿಂದ ಹೊಡೆಯುವ ಗಾಡಿಯಲ್ಲಿ ಹೊರಟೆವು.

ಗೇರು ಹೇಗೋ ಸಂಭಾಳಿಸಿದ. ಬ್ರೇಕು ಮಾತ್ರ ಅವನ ಕೈಗೆ ಬರಲಿಲ್ಲ. ತಿರುವು ಬಂದಾಗ, ದನ ಅಡ್ಡಬಂದಾಗ, ಅವನ ಬಲಗಾಲು ಹಳೆಯ ಜಾಗದಲ್ಲಿ ಪೆಡಲ್ ಹುಡುಕುತ್ತಿತ್ತು. ತಾನೇ ಹೇಳಿ ಕತ್ತರಿಸಿ ತೆಗೆಸಿದ ಪೆಡಲ್. ಬೆನ್ನಿಗೆ ಬೆನ್ನು ತಾಗಿದಂತೆ ಕಟ್ಟಿಸಿಕೊಂಡಿದ್ದರೆ ನನಗೆ ಕಾಣುತ್ತಿರಲಿಲ್ಲ, ಆದರೆ ನನ್ನ ಮುಖ ಅವನ ಹೆಗಲ ಮೇಲೇ ಇತ್ತು. ಕೆಳಗೆ ಅವನ ಚಪ್ಪಲಿ ಖಾಲಿ ಗಾಳಿಯನ್ನು ಒತ್ತಿ ಒತ್ತಿ ತುಳಿಯುವುದು ಕಾಣುತ್ತಿತ್ತು. ಒಂದು ಇಳಿಜಾರಿನಲ್ಲಿ ಮುಂದೆ ಹುಲ್ಲಿನ ಚಕ್ಕಡಿ ಬಂತು. ಕಾಲು ತುಳಿಯಿತು, ಗಾಡಿ ನಿಲ್ಲಲಿಲ್ಲ. "ಅಣ್ಣಾ, ಕೈ! ಕೈ!" ಎಂದು ಅವನ ಕಿವಿಯಲ್ಲಿ ಚೀರಿದೆ. ಹಿಡಿಕೆ ಎಳೆದ. ಹುಲ್ಲಿಗೆ ಮುಖ ತಾಗಿ ನಿಂತೆವು. ಚಕ್ಕಡಿಯವನು ಮರಾಠಿಯಲ್ಲಿ ಮನಸಾರೆ ಬೈದ. ಅಣ್ಣನ ಬಲಗಾಲು ಇನ್ನೂ ಗಾಳಿಯನ್ನು ಒತ್ತಿ ಹಿಡಿದೇ ಇತ್ತು.

ಸುದ್ದಿ ಮಚ್ಛೆಗೂ ಮುಟ್ಟಿತು. ಮುಂದಿನ ಸೋಮವಾರ ಪುಂಡಲೀಕ ಮೇಸ್ತ್ರಿ ಸಾಮಾನಿನ ಚೀಲ ಹಿಡಿದು ನಮ್ಮ ಅಂಗಳಕ್ಕೇ ಬಂದರು. ಚೀಲದಿಂದ ಒಂದು ಪೆಡಲ್ ತೆಗೆದರು. ಅದೇ ಹಳೆಯದು. ಅಣ್ಣನ ಚಪ್ಪಲಿ ತಿಕ್ಕಿ ತಿಕ್ಕಿ ಒಂದು ಕಡೆ ಸವೆದು ಹೊಳೆಯುತ್ತಿತ್ತು.

"ಮೂಲ್ಯಾಗ ಬಿದ್ದಿತ್ರೀ ಮಲ್ಲಪ್ಪಣ್ಣಾರ. ಹಚ್ಚಿ ಕೊಡ್ತೀನಿ. ಇನ್ನ ಗಾಡಿ ನೀವ ಹೊಡಿಯೂದೈತಲ್ರೀ."

"ಬ್ಯಾಡ್ರಿ," ಎಂದ ಅಣ್ಣ. "ಅದು ಈರ್ಯಾನ ಗಾಡಿ ಐತಿ. ಹೆಂಗೈತಿ ಹಂಗ ಇರ್ಲಿ."

"ಯಾರಿಗಾರ ಬಡದ್ರ?"

"ನಾ ಕೈಲೆ ಹೊಡಿಯೂದು ಕಲೀತೀನಿ." ಅಣ್ಣನ ದನಿ ಏರಿತು. "ನಾಳೆ ಅವನ ಕೈಯಾಗ ಶಕ್ತಿ ಬಂದ್ರ? ಮತ್ತ ಕತ್ತರಸೂದೇನು?"

ಮೇಸ್ತ್ರಿ ನನ್ನ ಕಡೆ ನೋಡಿದರು. ಅಣ್ಣ ನೋಡಲಿಲ್ಲ. ಕೈ ಬರುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ತಿಳಿದವನು ಅವನು. ನನಗೆ ತಿಳಿದಿದೆ ಎಂದೂ ವೈನಿಯಿಂದ ಅವನಿಗೆ ತಿಳಿದಿತ್ತು. ಆದರೂ ಆ ಮಾತನ್ನು ಅಂಗಳದ ನಡುವೆ ನಿಂತು ಗಟ್ಟಿಯಾಗಿ ಹೇಳಿದ, ನಾನು ಇನ್ನೂ ಸ್ವಲ್ಪ ದಿನ ಅದನ್ನು ಇಟ್ಟುಕೊಳ್ಳಲಿ ಎಂದು. ಪೆಡಲ್ ಹಚ್ಚಿದರೆ ಆ ಗಾಡಿ ಮತ್ತೆ ಕಾಲಿದ್ದವರದ್ದು. ಹಚ್ಚದಿದ್ದರೆ ಅಣ್ಣ ಎಂದಾದರೂ ಚಕ್ಕಡಿಯ ಕೆಳಗೆ ಹೋಗುತ್ತಾನೆ. ಯಾರೋ ಒಬ್ಬರು ಹೇಳಬೇಕಿತ್ತು, ಅವನಿಂದ ಆಗುವಂತಿರಲಿಲ್ಲ.

"ಹಚ್ಚ್ರಿ ಮೇಸ್ತ್ರಿ," ಎಂದೆ.

ಅಣ್ಣ ನನ್ನ ಕಡೆ ಒಮ್ಮೆ ನೋಡಿ ಗಿರಣಿಯೊಳಗೆ ಹೋದ. ಬಾಗಿಲು ಹಾಕಿಕೊಂಡ. ಮೇಸ್ತ್ರಿ ನೆಲದ ಮೇಲೆ ಕೂತು ಪೆಡಲ್ ಹೊಂದಿಸತೊಡಗಿದರು. ಸ್ವಲ್ಪ ಹೊತ್ತಿಗೆ ಒಳಗೆ ಗಿರಣಿ ತಿರುಗುವ ಸದ್ದು ಬಂತು. ಕಾಳಿನ ಸದ್ದಿರಲಿಲ್ಲ, ಬರೀ ಕಲ್ಲಿನದು. ಅಂಗಳವೆಲ್ಲ ಗಡಗಡಿಸುತ್ತಿತ್ತು. ಅದರಡಿ ಇನ್ನೊಂದು ಸದ್ದು ಇದ್ದಿದ್ದರೂ ನಮಗೆ ಯಾರಿಗೂ ಕೇಳುವಂತಿರಲಿಲ್ಲ.

ವೈನಿ ಅಡುಗೆಮನೆಯಿಂದ ಕೂಗಿ ಕೇಳಿದರು, "ಈರಣ್ಣ, ಇವತ್ತ ಸೋಮಾರ ಅಲ್ಲೇನೋ? ಯಾರ ಹಿಟ್ಟ ಬೀಸಾಕತ್ತಾರ?"

"ಯಾರದೂ ಇಲ್ರೀ ವೈನಿ," ಎಂದೆ.